ಇಟಲಿಯಲ್ಲಿ ಕಾರು ಬಾಡಿಗೆಗೆ ತಗೊಳ್ಳುವ ಮುಂಚೆ ‘ಝಡ್‌ಟಿಎಲ್’ ಅಂದ್ರೆ ಏನಂತ ತಿಳ್ಕೊಳ್ಳಿ

ಈ ಮೂರಕ್ಷರ ಗೊತ್ತಿಲ್ಲದ ತಪ್ಪಿಗೆ ನಾವು ಈಗಾಗಲೇ 300 ಯೂರೋಗಿಂತ ಜಾಸ್ತಿ ಕಟ್ಟಿದ್ದೇವೆ. ನೀವೂ ಕಟ್ಟುವುದು ಬೇಡ ಅಂತ ಬರೆಯುತ್ತಿದ್ದೇನೆ.

ಸಿದ್ಧತೆ ಇಲ್ಲದೆ ಹೋಗಿರಲಿಲ್ಲ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದೆ. ರಸ್ತೆಯ ಬಲಗಡೆ ಓಡಿಸಬೇಕಲ್ಲ ಅನ್ನೋದೇ ದೊಡ್ಡ ಭಯವಾಗಿತ್ತು. ಅದು ಎರಡೇ ದಿನದಲ್ಲಿ ರೂಢಿಯಾಯಿತು. ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ.

ರೋಮ್‌ನಲ್ಲಿ ನಮ್ಮ ಹೋಟೆಲ್ ಪಿಯಾಝಾ ನವೋನಾ ಅನ್ನುವ ಹಳೇ ಚೌಕದ ಹತ್ತಿರ. ಗುರುವಾರ ಮಧ್ಯಾಹ್ನ ಸುಮಾರು ಮೂರು ಗಂಟೆ. ಅಮ್ಮನಿಗೆ ಮಂಡಿನೋವು, ಸೂಟ್‌ಕೇಸ್ ನಾಲ್ಕು. ಹೋಟೆಲ್ ಬಾಗಿಲ ತನಕ ಕಾರಲ್ಲೇ ಹೋಗೋಣ ಅಂದುಕೊಂಡೆವು. ಮೊಬೈಲ್ ಮ್ಯಾಪ್ ದಾರಿ ತೋರಿಸುತ್ತಿತ್ತು. ಒಂದು ಸಣ್ಣ ಬೀದಿಯ ಬಾಯಲ್ಲಿ ಬಿಳಿ ಬಣ್ಣಕ್ಕೆ ಕೆಂಪು ಅಂಚಿನ ದುಂಡು ಬೋರ್ಡು. ಪಕ್ಕದ ಪರದೆಯಲ್ಲಿ ‘ವಾರ್ಕೋ ಅತ್ತೀವೋ’ ಅನ್ನುವ ಅಕ್ಷರ. ವಾರ್ಕೋ ಅಂದರೆ ಗೇಟು ಅಂತ ಹೆಂಡತಿ ಫೋನಲ್ಲಿ ನೋಡಿ ಹೇಳಿದಳು. ಅತ್ತೀವೋ ಅಂದರೆ ಆಕ್ಟಿವ್, ಅಂದಮೇಲೆ ಗೇಟು ತೆರೆದಿದೆ ಅಂತ ನಾನೇ ಅರ್ಥ ಮಾಡಿಕೊಂಡು ಒಳಗೆ ನುಗ್ಗಿಸಿದೆ.

ಅರ್ಥ ಪೂರ್ತಿ ಉಲ್ಟಾ. ಆಕ್ಟಿವ್ ಆಗಿರುವುದು ಕ್ಯಾಮೆರಾ. ಅನುಮತಿ ಇಲ್ಲದ ಗಾಡಿ ಆಗ ಒಳಗೆ ಹೋಗುವಂತಿಲ್ಲ. ‘ನೋನ್ ಅತ್ತೀವೋ’ ಅಂತಿದ್ದರೆ ಮಾತ್ರ ಹೋಗಬಹುದು. ಝಡ್‌ಟಿಎಲ್ ಅಂದರೆ ವಾಹನ ಸಂಚಾರಕ್ಕೆ ಮಿತಿ ಹಾಕಿರುವ ಜಾಗ. ಫ್ಲಾರೆನ್ಸ್, ಪೀಸಾ, ಬೊಲೊನ್ಯಾ, ಹೀಗೆ ಎಷ್ಟೋ ಊರುಗಳ ಹಳೇ ಭಾಗದಲ್ಲಿ ಇದೆ. ತಡೆಯಲು ಪೊಲೀಸರಿಲ್ಲ, ಅಡ್ಡಗಂಬ ಇಲ್ಲ. ಕ್ಯಾಮೆರಾ ಸುಮ್ನೆ ನಂಬರ್ ಪ್ಲೇಟ್ ಹಿಡಿದುಕೊಳ್ಳುತ್ತದೆ, ಅಷ್ಟೇ. ನಾವು ಏಕಮುಖ ಬೀದಿಗಳಲ್ಲಿ ದಾರಿ ತಪ್ಪಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಒಟ್ಟು ಮೂರು ಸಲ ಗೇಟು ದಾಟಿದೆವು. ಪ್ರತಿ ಸಲಕ್ಕೂ ಬೇರೆ ಬೇರೆ ದಂಡ ಬೀಳಬಹುದು.

ಇದ್ಯಾವುದೂ ಅಲ್ಲಿದ್ದಾಗ ತಿಳಿಯಲೇ ಇಲ್ಲ. ವಾಪಸ್ ಬಂದು ಎರಡು ತಿಂಗಳಾದ ಮೇಲೆ ಕಾರ್ಡಿನಿಂದ 45 ಯೂರೋದಂತೆ ಮೂರು ಸಲ ಹಣ ಕಡಿತವಾಯಿತು. ದಂಡ ಅದಲ್ಲ. ಬಾಡಿಗೆ ಕಂಪನಿ ನಮ್ಮ ಹೆಸರು, ವಿಳಾಸ ಅಲ್ಲಿನ ಅಧಿಕಾರಿಗಳಿಗೆ ಕೊಟ್ಟಿದ್ದಕ್ಕೆ ಹಾಕಿದ ಶುಲ್ಕ. ಸಹಿ ಮಾಡಿದ ಕಾಗದದಲ್ಲೇ ಆ ಷರತ್ತು ಇತ್ತು, ನಾನು ಓದಿರಲಿಲ್ಲ. ದಂಡದ ಕಾಗದಗಳು ಆಮೇಲೆ ಬಂದವು, ಒಂದೊಂದೂ ಹತ್ತಿರ ಹತ್ತಿರ ನೂರು ಯೂರೋ. ತಲುಪಿದ ಐದು ದಿನದೊಳಗೆ ಕಟ್ಟಿದರೆ 30% ರಿಯಾಯಿತಿ ಇದೆ. ನಾವು ಊರಲ್ಲಿರಲಿಲ್ಲ, ಅದೂ ಕೈತಪ್ಪಿತು.

ಹೋಟೆಲ್ ಝಡ್‌ಟಿಎಲ್ ಒಳಗಿದ್ದರೆ ಹೊರಡುವ ಮುಂಚೆಯೇ ಅವರಿಗೆ ಬರೆದು ಕೇಳಿ. ಎಷ್ಟೋ ಹೋಟೆಲಿನವರು ಅತಿಥಿಗಳ ಕಾರ್ ನಂಬರ್ ನೋಂದಾಯಿಸಿ ಕೊಡುತ್ತಾರೆ. ನಾವು ಬಾಯಿಬಿಟ್ಟು ಕೇಳಲೇ ಇಲ್ಲ. ಇಲ್ಲದಿದ್ದರೆ ಕಾರು ಹೊರಗೇ ಬಿಡಿ. ರೋಮ್‌ನಲ್ಲಿ ಮೆಟ್ರೋ ‘ಎ’ ಮಾರ್ಗದ ಕೊನೆಯ ನಿಲ್ದಾಣ ಅನಾನ್ಯೀನಾದಲ್ಲಿ ಪಾರ್ಕಿಂಗ್ ಇದೆ. ಫ್ಲಾರೆನ್ಸ್‌ಗೆ ಎ1 ಹೆದ್ದಾರಿಯಲ್ಲಿ ಹೋಗುವವರು ವಿಲ್ಲಾ ಕೊಸ್ತಾಂಝಾ ಅನ್ನುವ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿ, ಅಲ್ಲಿಂದಲೇ ಟ್ರಾಮ್ ಹತ್ತಿ ಊರೊಳಗೆ ಹೋಗಬಹುದು. ವಯಸ್ಸಾದವರು ಜೊತೆಗಿದ್ದರೆ ಟ್ಯಾಕ್ಸಿ ಮಾಡಿ. ಟ್ಯಾಕ್ಸಿಗೆ ಒಳಗೆ ಹೋಗಲು ಅನುಮತಿ ಇರುತ್ತದೆ. ನಾವು ಕಟ್ಟಿದ ಹಣದಲ್ಲಿ ಅಮ್ಮನನ್ನು ಎಷ್ಟು ಸಲ ಆರಾಮಾಗಿ ಕರೆದುಕೊಂಡು ಹೋಗಬಹುದಿತ್ತು!

ವಿದೇಶದಲ್ಲಿರುವವರಿಗೆ ನೋಟಿಸ್ ಕಳಿಸಲು ಇಟಲಿಯ ಅಧಿಕಾರಿಗಳಿಗೆ 360 ದಿನಗಳ ಅವಕಾಶವಿದೆಯಂತೆ. ನಮಗೆ ಇಲ್ಲಿಯವರೆಗೆ ಬಂದಿರುವುದು ಎರಡು. ಮೂರನೆಯದಕ್ಕೆ ದುಡ್ಡು ತೆಗೆದಿಟ್ಟುಕೊಂಡು ಕಾಯುತ್ತಿದ್ದೇವೆ.