ಗಾಂಧಿ ಚೌಕದ ಓಣಿಯ ಝೆರಾಕ್ಸ್ ಅಂಗಡಿ: ಐದಕ್ಕೆ ನಾಲ್ಕು ಅಂಕ

ವಿಜಯಪುರದಲ್ಲಿ ಝೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ಆದರೆ ನಿಮ್ಮ ಆಧಾರ್ ಪ್ರತಿಯಲ್ಲಿ ಸಂಜೆ ಯಾರೋ ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋಗಬಾರದು ಎಂದರೆ ಗಾಂಧಿ ಚೌಕದಿಂದ ಒಳಗೆ ಹೋಗುವ ಓಣಿಯ ಈ ಪುಟ್ಟ ಮಳಿಗೆಗೆ ಹೋಗಿ.

ನಾನು ಹೋದದ್ದು ಬೆಳೆ ವಿಮೆಯ ಕಾಗದಪತ್ರಗಳಿಗಾಗಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಮುದ್ರಿಸಿದ ಹುಡುಗ ಪರದೆಯನ್ನು ನನ್ನತ್ತ ತಿರುಗಿಸಿ, ‘ನೋಡಿರಿ ಕಾಕಾ’ ಎಂದು ಡೌನ್‌ಲೋಡ್ ಫೋಲ್ಡರಿನಿಂದ ಅದನ್ನು ಅಳಿಸಿದ. ಆಮೇಲೆ ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದ. ಮಸಿ ಹತ್ತಿ ಕೆಟ್ಟ ಪ್ರತಿಯನ್ನು ಚೂರುಚೂರು ಹರಿದು ನನ್ನ ಕೈಗೇ ಕೊಟ್ಟ. ಎಷ್ಟೋ ಅಂಗಡಿಗಳ ಕಂಪ್ಯೂಟರಿನಲ್ಲಿ ಅರ್ಧ ಊರಿನ ಪ್ಯಾನ್ ಕಾರ್ಡುಗಳು ಹಾಗೆಯೇ ಬಿದ್ದಿರುತ್ತವೆ. ಅವು ಕಳ್ಳರ ಕೈಗೆ ಸಿಕ್ಕರೆ ನಿಮ್ಮ ಹೆಸರಿನಲ್ಲಿ ಸಾಲ ಹುಟ್ಟಲು ಹೆಚ್ಚು ಹೊತ್ತು ಬೇಡ.

ಕೇಳಿದರೆ ಮೊದಲ 8 ಅಂಕಿ ಮರೆಮಾಡಿದ ಆಧಾರ್ ತೆಗೆದುಕೊಡುತ್ತಾರೆ. ಆಧಾರ್‌ನಲ್ಲಿರುವ ನಿಮ್ಮ ಬೆರಳಚ್ಚನ್ನು ಯಾರೂ ಬಳಸದಂತೆ ಲಾಕ್ ಮಾಡುವುದನ್ನು ನಿಮ್ಮ ಮೊಬೈಲಿನಲ್ಲೇ ತೋರಿಸುತ್ತಾರೆ. ಆಧಾರ್ ಮೂಲಕ ಹಣ ತೆಗೆಯಲು ಒಟಿಪಿ ಬೇಕಿಲ್ಲ, ಸಂಖ್ಯೆ ಮತ್ತು ಬೆರಳಚ್ಚು ಸಾಕು. ಹಾಗಾಗಿ ಇದು ದೊಡ್ಡ ಉಪಕಾರ. (ಪಡಿತರ ತರಲು ಹೋಗುವ ಮುನ್ನ ಲಾಕ್ ತೆಗೆಯಿರಿ, ಇಲ್ಲದಿದ್ದರೆ ಬರಿಗೈಯಲ್ಲಿ ಮರಳುತ್ತೀರಿ.)

ಮಾಲೀಕರಿಂದ ನಗು ನಿರೀಕ್ಷಿಸಬೇಡಿ. ಒಟಿಪಿಯನ್ನು ಗಟ್ಟಿಯಾಗಿ ಓದಿದ ಹಿರಿಯರೊಬ್ಬರನ್ನು, ‘ಅಜ್ಜಾ, ಊರಿಗೆಲ್ಲ ಡಂಗುರ ಸಾರಬೇಡಿ’ ಎಂದು ಗದರಿದರು. ಪ್ರತಿಗೆ 3 ರೂಪಾಯಿ, ಪಕ್ಕದಂಗಡಿಯಲ್ಲಿ 2. ಗೋಡೆಯ ಮೇಲೆ ಸೈಬರ್ ಸಹಾಯವಾಣಿ 1930ರ ಫಲಕವಿದೆ, ಆದರೆ ಅದರ ಮುಂದೆಯೇ ಲ್ಯಾಮಿನೇಷನ್ ಯಂತ್ರ ಇಟ್ಟಿದ್ದಾರೆ. ಒಂದು ಅಂಕ ಕಡಿಮೆ ಕೊಟ್ಟಿದ್ದು ಅದಕ್ಕೆ.