ಓದಿದ್ದನ್ನೇ ಮತ್ತೆ ಓದುವವರಿಗೆ ಇ-ರೀಡರ್ ಹೇಗೆ?

ಹೊಸ ಪುಸ್ತಕಗಳಿಗೆ ಅಂತ ಇ-ರೀಡರ್ (ಡಿಜಿಟಲ್ ಪುಸ್ತಕ ಓದುವ ಸಾಧನ) ಕೊಂಡೆ. ಆದರೆ ಎರಡು ವರ್ಷದಲ್ಲಿ ಜಾಸ್ತಿ ಓದಿದ್ದು ಹಳೆಯ ಮೆಚ್ಚಿನ ಕಾದಂಬರಿಗಳನ್ನೇ.

ಪರದೆ ಚೆನ್ನಾಗಿದೆ. 300 ಪಿಪಿಐ (ಒಂದು ಇಂಚು ಉದ್ದಕ್ಕೆ 300 ಚುಕ್ಕಿ) ಇರುವುದರಿಂದ ಒತ್ತಕ್ಷರಗಳೂ ಸ್ಪಷ್ಟ. ಕಾಗದದಂತೆ ಕಾಣುವ ಈ ಇ-ಇಂಕ್ ಪರದೆಗೆ ಪುಟ ಬದಲಾಗುವಾಗ ಮಾತ್ರ ಕರೆಂಟ್ ಬೇಕು, ಹಾಗಾಗಿ ಚಾರ್ಜಿಂಗ್ ಚಿಂತೆ ಕಡಿಮೆ.

ನನಗೆ ನಿಜಕ್ಕೂ ಖುಷಿ ಕೊಟ್ಟಿದ್ದು ಹೈಲೈಟ್‌ಗಳು. ಒಂದು ಕಾದಂಬರಿಯನ್ನು ಮೊದಲ ಸಲ ಓದುವಾಗ ಮನೆ ಬಿಟ್ಟು ಹೋಗುವ ಮಗನ ಮಾತುಗಳಿಗೆಲ್ಲ ಗುರುತು ಹಾಕಿದ್ದೆ, ಈ ಸಲ ಅದೇ ಪುಟದಲ್ಲಿ ಬಾಗಿಲ ಬಳಿ ಸುಮ್ನೆ ನಿಂತ ತಾಯಿಯ ಒಂದೇ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು, ಅದು ಆಗಲೂ ಅಲ್ಲೇ ಇತ್ತು ಅಲ್ವಾ ಅನಿಸಿತು. ಕೊನೆ ಗೊತ್ತಿದ್ದರೆ ಓಡುವ ಆತುರ ಇರುವುದಿಲ್ಲ. ಲೇಖಕರು ಮೊದಲೇ ಬಿಟ್ಟ ಸುಳಿವುಗಳು ಆಗ ಕಾಣುತ್ತವೆ. ಪಾತ್ರದ ಹೆಸರು ಹುಡುಕಿದರೆ ಅದು ಮೊದಲು ಬಂದ ಜಾಗ ತಕ್ಷಣ ಸಿಗುತ್ತದೆ, ಇದಂತೂ ದೊಡ್ಡ ಅನುಕೂಲ.

ಕೊರತೆಯೂ ಇದೆ. ಎಲ್ಲೋ ನಡುವೆ ತೆರೆದು ನಾಲ್ಕು ಪುಟ ಓದಿ ಮುಚ್ಚಿಡುವ ಸುಖ ಇದರಲ್ಲಿಲ್ಲ. ಆ ಸಾಲು ಎಡಗಡೆ ಪುಟದ ಕೆಳಗಿತ್ತು ಅನ್ನುವ ನೆನಪೂ ಕೆಲಸಕ್ಕೆ ಬರುವುದಿಲ್ಲ, ಅಕ್ಷರ ದೊಡ್ಡದು ಮಾಡಿದರೆ ಎಲ್ಲ ಸಾಲೂ ಜಾಗ ಬದಲಿಸುತ್ತವೆ. ಪುಟ ತಿರುವುವುದೂ ನಿಧಾನ.

ದಪ್ಪ ಪುಸ್ತಕಗಳಿಗೆ, ಪ್ರಯಾಣಕ್ಕೆ ಧಾರಾಳವಾಗಿ ತೆಗೆದುಕೊಳ್ಳಿ. ತುಂಬಾ ಪ್ರೀತಿಸುವ ನಾಲ್ಕೈದು ಪುಸ್ತಕಗಳನ್ನು ಮಾತ್ರ ನಾನು ಕಾಗದದಲ್ಲೇ ಇಟ್ಟುಕೊಂಡಿದ್ದೇನೆ.