ಟ್ಯಾಂಕ್ ಇಲ್ಲದ ಗೀಸರ್ ತರುವ ಮುಂಚೆ ಗೋಡೆಯೊಳಗಿನ ವೈರ್ ನೋಡಿ

'ಕರೆಂಟ್ ಬಿಲ್ ಅರ್ಧಕ್ಕೆ ಇಳಿಯುತ್ತೆ' ಅಂತ ಹೇಳಿ ಟ್ಯಾಂಕ್ ಇಲ್ಲದ, ನೀರು ಹರಿಯುವಾಗಲೇ ಕಾಯಿಸುವ ಎಲೆಕ್ಟ್ರಿಕ್ ಗೀಸರ್ ಮಾರುತ್ತಿದ್ದಾರೆ. ತುಮಕೂರಿನ ನಮ್ಮ ಮನೆಗೂ ಅದೇ ಮಾತು ಹೇಳಿಯೇ 8 ಕಿಲೋವ್ಯಾಟ್‌ನ ಒಂದನ್ನು ಕೂರಿಸಿದರು.

ಹಾಕಿದ ದಿನವೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಯಿತು. ಹಳೇ ಗೀಸರ್‌ಗೆ ಇದ್ದದ್ದು 20 ಆ್ಯಂಪ್‌ನದು. 230 ವೋಲ್ಟ್‌ನಲ್ಲಿ 8 ಕಿಲೋವ್ಯಾಟ್ ಅಂದರೆ ಸುಮಾರು 35 ಆ್ಯಂಪ್ ಎಳೆಯುತ್ತದೆ. ಟ್ರಿಪ್ ಆಗದೆ ಇನ್ನೇನಾಗುತ್ತೆ? ಅಂಗಡಿಗೆ ಫೋನ್ ಮಾಡಿದೆವು. ಕೂರಿಸಿದ ಹುಡುಗನೇ ಬಂದ. '20ರದ್ದು ಸಾಕಾಗಲ್ಲ ಮೇಡಂ' ಅಂತ 40 ಆ್ಯಂಪ್‌ನದು ಹಾಕಿ ಹೋದ. ವೈರ್ ಮುಟ್ಟಲೇ ಇಲ್ಲ. ಆಮೇಲೆ ಟ್ರಿಪ್ ಆಗುವುದೂ ನಿಂತಿತು.

ಎಂಸಿಬಿ ಇರುವುದೇ ವೈರ್ ಕಾಯುವುದಕ್ಕೆ. ನಮ್ಮ ಬಾತ್‌ರೂಮಿಗೆ ಹೋಗಿದ್ದು 2.5 ಸ್ಕ್ವೇರ್ ಎಂಎಂ (ದಪ್ಪದ ಅಳತೆ) ವೈರ್. 2 ಕಿಲೋವ್ಯಾಟ್‌ನ ಹಳೇ ಗೀಸರ್‌ಗೆ ಅದು ಧಾರಾಳ. 35 ಆ್ಯಂಪ್ ಹರಿದರೆ ಬಿಸಿಯಾಗುತ್ತದೆ, ಮತ್ತೆ 40 ಆ್ಯಂಪ್‌ನ ಎಂಸಿಬಿ ಅದನ್ನು ತಡೆಯುವುದಿಲ್ಲ.

ಒಂದು ದಿನ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಸ್ವಿಚ್‌ಬೋರ್ಡ್ ಕಡೆಯಿಂದ ಮೀನು ಸುಟ್ಟ ಹಾಗೆ ವಾಸನೆ ಬಂತು. ನಮ್ಮದು ಸಸ್ಯಾಹಾರಿ ಮನೆ, ಪಕ್ಕದ ಮನೆಯದಿರಬಹುದು ಅಂದುಕೊಳ್ಳುವಷ್ಟರಲ್ಲಿ ಸ್ವಿಚ್ ಮುಟ್ಟಿದರೆ ಸುಡುತ್ತಿತ್ತು. ಮೇನ್ ಆಫ್ ಮಾಡಿ, ಬೀದಿಯ ಕೊನೆಯ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆವು. ಬೋರ್ಡ್ ಬಿಚ್ಚಿದರೆ ಸ್ಕ್ರೂ ಕೂರುವ ಜಾಗ ಕರ್ರಗಾಗಿತ್ತು. ವೈರಿನ ಕೆಂಪು ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಪೈಪಿನೊಳಗೆ ಅಂಟಿಕೊಂಡಿತ್ತು. ಎಳೆದರೂ ಬರಲಿಲ್ಲ. 'ಇನ್ನೊಂದು ಚಳಿಗಾಲ ಓಡಿಸಿದ್ರೆ ಬೆಂಕಿನೇ ಅಕ್ಕಾ' ಅಂದ. ಗೋಡೆ ಒಡೆದು ಹೊಸ ಪೈಪ್ ಹಾಕಬೇಕಾಯಿತು. ಅಂಗಡಿಯವರನ್ನು ಕೇಳಿದರೆ ವೈರಿಂಗ್‌ಗೆ ವಾರಂಟಿ ಇಲ್ಲವಂತೆ!

ಇಷ್ಟೆಲ್ಲ ಮಾಡಿ ಉಳಿಯುವುದಾದರೂ ಎಷ್ಟು? 20 ಲೀಟರ್ ನೀರನ್ನು 22 ಡಿಗ್ರಿಯಿಂದ 42ಕ್ಕೆ ಏರಿಸಲು ಅರ್ಧ ಯೂನಿಟ್‌ಗೆ ಸ್ವಲ್ಪ ಕಡಿಮೆ ಬೇಕು. ಯಾವ ಗೀಸರ್ ಆದರೂ ಅಷ್ಟೇ. ಟ್ಯಾಂಕ್ ಇಲ್ಲದ್ದರಿಂದ ಉಳಿಯುವುದು, ಕಾದ ನೀರು ಬಳಸದೆ ಟ್ಯಾಂಕಿನಲ್ಲೇ ಆರಿದಾಗ ಹೋಗುವ ಶಾಖ ಮಾತ್ರ. ಟ್ಯಾಂಕ್ ಗೀಸರ್ ಸ್ಟಾರ್ ಲೇಬಲ್ ಮೇಲೆ 'ಸ್ಟ್ಯಾಂಡಿಂಗ್ ಲಾಸ್' ಅಂತ ಇರುವುದು ಅದೇ. ಹೋಟೆಲ್ ಥರ ಗೀಸರ್ ದಿನವಿಡೀ ಆನ್ ಇಟ್ಟರೆ ಅದು ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ಸ್ನಾನಕ್ಕೆ ಮುಂಚೆ ಹಾಕಿ, ಮುಗಿದ ಮೇಲೆ ಆರಿಸುತ್ತೇವೆ ಅಲ್ವಾ? ಉಳಿಸಲು ಅಲ್ಲಿ ಜಾಸ್ತಿ ಏನೂ ಇಲ್ಲ. ಮೇಲಾಗಿ ನಿಮ್ಮ ಕರೆಂಟ್ ಬಿಲ್ ಮೇಲೆ ಮಂಜೂರಾದ ಲೋಡ್ (ಮನೆ ಎಷ್ಟು ಕಿಲೋವ್ಯಾಟ್ ಎಳೆಯಬಹುದು ಅಂತ ವಿದ್ಯುತ್ ಕಂಪನಿ ಒಪ್ಪಿದ ಲೆಕ್ಕ) ನೋಡಿ. 3 ಕಿಲೋವ್ಯಾಟ್ ಇದ್ದರೆ 8ರ ಗೀಸರ್‌ಗೆ ಲೋಡ್ ಏರಿಸಬೇಕು. ನಿಗದಿತ ಶುಲ್ಕ ಬರುವುದು ಕಿಲೋವ್ಯಾಟ್ ಲೆಕ್ಕದಲ್ಲಿ, ಪ್ರತಿ ತಿಂಗಳು.

'ಹಾಗಾದರೆ 3 ಕಿಲೋವ್ಯಾಟ್‌ನದು ತರೋಣ' ಅಂತೀರಾ? ವೈರಿನ ತಲೆನೋವು ಕಡಿಮೆ. ಆದರೆ ಅದೇ 20 ಡಿಗ್ರಿ ಏರಿಸಿದರೆ ನಿಮಿಷಕ್ಕೆ 2 ಲೀಟರ್ ಚಿಲ್ಲರೆ ನೀರು ಬರುತ್ತದೆ. ಅಡುಗೆಮನೆ ಸಿಂಕಿಗೆ ಚೆನ್ನ. ಶವರ್‌ಗೆ ಸಾಲದು.

ಬೋರ್‌ವೆಲ್ ನೀರಿನವರಿಗೆ ಇನ್ನೊಂದು ಮಾತು. ಗಡಸು ನೀರಿಗೆ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಸಣ್ಣ ದಾರಿಗಳು ಬೇಗ ಮುಚ್ಚಿಕೊಳ್ಳುತ್ತವೆ. ಓವರ್‌ಹೆಡ್ ಟ್ಯಾಂಕ್ ಬಾತ್‌ರೂಮಿನ ನೆತ್ತಿಯ ಮೇಲೇ, ಕಡಿಮೆ ಎತ್ತರದಲ್ಲಿ ಇದ್ದರೆ ಪ್ರೆಶರ್ ಸಾಲದೆ ಗೀಸರ್ ಆನ್ ಆಗದೇ ಇರಬಹುದು. ಸೋಲಾರ್ ನೀರನ್ನು ಇದಕ್ಕೆ ಕೊಡುವ ಯೋಚನೆ ಇದ್ದರೆ, ಒಳಬರುವ ನೀರಿನ ಬಿಸಿ ನೋಡಿ ತಾನೇ ಪವರ್ ತಗ್ಗಿಸುವ ಮಾದರಿಯೇ ಬೇಕು. ಇಲ್ಲದಿದ್ದರೆ ಬೆಚ್ಚಗಿನ ನೀರು ಸುಡುನೀರಾಗಿ ಹೊರಬರುತ್ತದೆ.

ತಗೊಳ್ಳಲೇಬೇಕು ಅಂತಿದ್ದರೆ ಅಂಗಡಿಯವರಿಂದ ಬಿಲ್ ಮೇಲೆ ಇಷ್ಟು ಬರೆಸಿಕೊಳ್ಳಿ: ಎಷ್ಟು ಕಿಲೋವ್ಯಾಟ್, ಎಷ್ಟು ಸ್ಕ್ವೇರ್ ಎಂಎಂ ವೈರ್, ಎಷ್ಟು ಆ್ಯಂಪ್ ಎಂಸಿಬಿ, ಐಎಸ್ಐ ಗುರುತು ಇದೆಯೋ ಇಲ್ಲವೋ. ವೈರ್ ಬದಲಿಸದೆ ಎಂಸಿಬಿ ಮಾತ್ರ ದೊಡ್ಡದು ಹಾಕುತ್ತೇನೆ ಅಂದವನನ್ನು ಏಣಿ ಹತ್ತಲು ಬಿಡಬೇಡಿ.